ಜನರೇಟರ್ ಪದೇ ಪದೇ ನಿಲ್ಲುತ್ತಿದೆಯೇ? ದೋಷ ಹುಡುಕಲು ನೀವೂ ನೆರವಾಗಬಹುದು



ಕೆಚ್ಚಲಿನಿಂದ ಕರೆದ ಹಾಲಿನ ಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್. ಬಲ್ಕ್ ಮಿಲ್ಕ್ ಕೂಲರ್ ಅದನ್ನು 4 ಡಿಗ್ರಿಗೆ ಇಳಿಸುತ್ತದೆ. ಅಷ್ಟು ತಂಪಿನಲ್ಲಿ ಹಾಲು ಕೆಡಿಸುವ ಸೂಕ್ಷ್ಮಾಣುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಬೆಚ್ಚಗೇ ಉಳಿದ ಹಾಲಿನಲ್ಲಿ ಅವು ಅರ್ಧ ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. ಆದ್ದರಿಂದ ಸಂಜೆ ಹಾಲು ಹಾಕುವ ಹೊತ್ತಿಗೆ ಕರೆಂಟು ಹೋದರೆ ಇಡೀ ಊರಿನ ಹಾಲನ್ನು ಕಾಯುವ ಹೊಣೆ ಸಂಘದ ಡೀಸೆಲ್ ಜನರೇಟರ್ ಮೇಲೆ ಬೀಳುತ್ತದೆ. ಅದು ಅರ್ಧ ಗಂಟೆ ಓಡಿ ನಿಂತುಬಿಟ್ಟರೆ ನಷ್ಟ ಹಾಲು ಹಾಕಿದ ಪ್ರತಿ ಮನೆಗೂ.

ಪೂರ್ತಿ ಕೆಟ್ಟು ನಿಂತ ಎಂಜಿನ್‌ನ ದೋಷ ಬೇಗ ಸಿಗುತ್ತದೆ. ಒಮ್ಮೆ ಓಡಿ, ಒಮ್ಮೆ ನಿಂತು, ಮೆಕ್ಯಾನಿಕ್ ಬಂದಾಗ ಮಾತ್ರ ಸರಿಯಾಗಿ ಓಡುವ ಎಂಜಿನ್‌ನದೇ ಕಷ್ಟ. ಡೀಲರ್ ಕಡೆಯ ಮೆಕ್ಯಾನಿಕ್‌ಗೆ ಒಂದೇ ದಿನ ಹಲವು ಊರುಗಳ ಕರೆ ಇರುತ್ತದೆ. ಬಂದವರು ಐದು ನಿಮಿಷ ಓಡಿಸಿ ನೋಡುತ್ತಾರೆ, ಎಲ್ಲ ಸರಿಯಿದೆ ಎಂದು ಹೊರಡುತ್ತಾರೆ, ಇಲ್ಲವೇ ಅಂದಾಜಿನ ಮೇಲೆ ಒಂದು ಬಿಡಿಭಾಗ ಬದಲಿಸುತ್ತಾರೆ. ಮರುದಿನ ಮತ್ತದೇ ಕಥೆ. ಇದನ್ನು ತಪ್ಪಿಸಲು ಎಂಜಿನ್ ಪಕ್ಕದಲ್ಲಿ ದಿನವೂ ಇರುವವರು ಕಂಡದ್ದನ್ನು ಸರಿಯಾಗಿ ಹೇಳಬೇಕು.

ಹಸು ಮೇವು ಬಿಟ್ಟಾಗ ಪಶುವೈದ್ಯರು ಏನು ಕೇಳುತ್ತಾರೆ? ಯಾವಾಗಿನಿಂದ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ಮೇವು ಬದಲಾಯಿಸಿದಿರಾ? ಹಸು ಹೇಳಲಾರದ್ದನ್ನು ನೀವು ಹೇಳುತ್ತೀರಿ. ಎಂಜಿನ್ ವಿಷಯದಲ್ಲೂ ಕೆಲಸ ಹೀಗೇ ನಡೆಯುತ್ತದೆ.

ಡೀಸೆಲ್ ಎಂಜಿನ್‌ಗೆ ಬೇಕಾದ್ದು ಮೂರು

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಗಾಳಿಯ ಶಾಖ 500 ಡಿಗ್ರಿ ದಾಟುತ್ತದೆ. ಆ ಬಿಸಿಗೆ ನೋಝಲ್ ಮಂಜಿನಂತೆ ಚಿಮ್ಮಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಅಂದರೆ ಸಾಕಷ್ಟು ಗಾಳಿ, ಹೊತ್ತಿಗೆ ಸರಿಯಾಗಿ ಡೀಸೆಲ್, ಗಟ್ಟಿಯಾದ ಒತ್ತಡ ಇವು ಮೂರೂ ಇರಬೇಕು. ಮೆಕ್ಯಾನಿಕ್ ಹುಡುಕುವುದು ಇವುಗಳಲ್ಲಿ ಯಾವುದು ಕೊರತೆಯಾಗಿದೆ ಎಂಬುದನ್ನು.

ಹೊಗೆ ಹೇಳುವ ಸುದ್ದಿ

ಸೆಲ್ಫ್ ಹೊಡೆದಾಗ ಎಂಜಿನ್ ಚೆನ್ನಾಗಿ ತಿರುಗುತ್ತಿದ್ದರೂ ಹೊಗೆಯೇ ಬರದಿದ್ದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ ಎಂದರ್ಥ. ಎಂಜಿನ್ ತಿರುಗುವುದೇ ನಿಧಾನವಾಗಿದ್ದರೆ ಮೊದಲು ಬ್ಯಾಟರಿ ಮತ್ತು ಅದರ ಟರ್ಮಿನಲ್‌ಗಳನ್ನು ನೋಡಬೇಕು. ನಿಧಾನವಾಗಿ ತಿರುಗಿದರೆ ಗಾಳಿ ಬೇಕಾದಷ್ಟು ಬಿಸಿಯಾಗುವುದಿಲ್ಲ.

ಕಪ್ಪು ಹೊಗೆ ಬಂದರೆ ಗಾಳಿಗೆ ಹೋಲಿಸಿದಾಗ ಡೀಸೆಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ಲೋಡ್ ಮೀರಿರಬಹುದು, ನೋಝಲ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು.

ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋದರೂ ಪೂರ್ತಿ ಉರಿಯುತ್ತಿಲ್ಲ. ಚಳಿಯ ಬೆಳಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಒತ್ತಡ ಕಡಿಮೆಯಾಗಿರಬಹುದು ಅಥವಾ ಡೀಸೆಲ್ ಚಿಮ್ಮುವ ಹೊತ್ತು ತಪ್ಪಿರಬಹುದು. ಜೊತೆಗೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್ ಸವೆದಿರಬಹುದು, ಇಲ್ಲವೇ ಆಯಿಲ್ ಅಳತೆ ಮೀರಿ ತುಂಬಿರಬಹುದು.

ಅರ್ಧ ಗಂಟೆಗೆ ನಿಲ್ಲುವ ಎಂಜಿನ್

ಈಗ ಒಂದು ದೂರನ್ನೇ ತೆಗೆದುಕೊಂಡು ನೋಡೋಣ. ಜನರೇಟರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಓಡುತ್ತದೆ. ಪಂಪು, ನೋಝಲ್ ಎರಡನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದರೂ ಸರಿಹೋಗಿಲ್ಲ. ಅನುಭವಿ ಮೆಕ್ಯಾನಿಕ್ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡುತ್ತಾರೆ.

ಮೊದಲ ಪ್ರಶ್ನೆ, ಅದು ಹೇಗೆ ನಿಂತಿತು? ಸ್ವಿಚ್ ಆರಿಸಿದಂತೆ ತಟ್ಟನೆ ನಿಂತರೆ ವೈರಿಂಗ್, ಡೀಸೆಲ್ ತಡೆಯುವ ಸೊಲೆನಾಯ್ಡ್, ಇಲ್ಲವೇ ಆಯಿಲ್ ಒತ್ತಡ ಕಡಿಮೆಯಾದಾಗ ಅಥವಾ ಎಂಜಿನ್ ಕಾದಾಗ ತಾನೇ ನಿಲ್ಲಿಸುವ ಸುರಕ್ಷಾ ವ್ಯವಸ್ಥೆಯ ಕಡೆ ನೋಡಬೇಕು. ವೇಗ ಏರಿಳಿದು, ಸೊರಗುತ್ತಾ ಸೊರಗುತ್ತಾ ನಿಂತರೆ ಡೀಸೆಲ್ ಸಾಲುತ್ತಿಲ್ಲ ಎಂಬ ಅನುಮಾನ. ಈ ಒಂದು ಉತ್ತರದಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ. ಆದರೆ ಇದನ್ನು ಕಂಡವರು ನೀವು ಮಾತ್ರ.

ಎರಡನೆಯದು ಟ್ಯಾಂಕಿನ ಮುಚ್ಚಳ. ಡೀಸೆಲ್ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಲು ಸಣ್ಣ ರಂಧ್ರವಿರುತ್ತದೆ. ಧೂಳು ಅಥವಾ ಹುಳು ಕಟ್ಟಿದ ಮಣ್ಣಿನ ಗೂಡಿನಿಂದ ಅದು ಮುಚ್ಚಿದರೆ ಒಳಗೆ ಎಳೆತ ಹುಟ್ಟಿ, ಡೀಸೆಲ್ ಕೆಳಗಿಳಿಯುವುದು ನಿಲ್ಲುತ್ತದೆ. ಎಂಜಿನ್ ಸೊರಗಿದಾಗ ಮುಚ್ಚಳ ಸಡಿಲಿಸಿದರೆ ಬುಸ್ ಎಂದು ಗಾಳಿ ಒಳಗೆ ಹೋಗಿ ಎಂಜಿನ್ ಚೇತರಿಸಿಕೊಂಡರೆ ದೋಷ ಸಿಕ್ಕಂತೆ. ಐದು ನಿಮಿಷ ಓಡಿಸಿದರೆ ಈ ದೋಷ ಕಾಣುವುದೇ ಇಲ್ಲ.

ಮೂರನೆಯದು ಬೇರೆ ಕ್ಯಾನ್. ಟ್ಯಾಂಕನ್ನು ಬಿಟ್ಟು, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ ಪೈಪ್ ಕೊಟ್ಟು ಓಡಿಸುತ್ತಾರೆ. ಆಗ ಒಂದು ಗಂಟೆ ಸಲೀಸಾಗಿ ಓಡಿದರೆ ಪಂಪು, ನೋಝಲ್ ನಿರಪರಾಧಿಗಳು. ದೋಷ ಟ್ಯಾಂಕು ಅಥವಾ ಅದರ ಪೈಪಿನಲ್ಲಿದೆ. ಟ್ಯಾಂಕಿನೊಳಗೆ ಬಟ್ಟೆಯ ಚೂರು, ಎಲೆ ಬಿದ್ದಿದ್ದರೆ ಡೀಸೆಲ್ ಹರಿವಿನ ಜೊತೆ ಬಂದು ಬಾಯಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ನಿಂತ ಮೇಲೆ ಎಳೆತ ತಗ್ಗಿ ಅದು ಮತ್ತೆ ದೂರ ಸರಿಯುತ್ತದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಗಾಳಿ ಸೇರುವಿಕೆ. ಟ್ಯಾಂಕು ಎಂಜಿನ್‌ಗಿಂತ ಕೆಳಗಿದ್ದರೆ ಪಂಪು ಡೀಸೆಲನ್ನು ಮೇಲಕ್ಕೆ ಎಳೆಯಬೇಕು. ಆಗ ಸಡಿಲವಾದ ಜಾಯಿಂಟಿನಿಂದ ಡೀಸೆಲ್ ಹೊರಗೆ ಸೋರದೆ, ಗಾಳಿಯೇ ಒಳಗೆ ಸೇರುತ್ತದೆ. ನೆಲದ ಮೇಲೆ ಒಂದು ಹನಿ ಬೀಳದಿದ್ದರೂ ಏರ್ ಲಾಕ್ ಆಗುತ್ತದೆ. ಪೈಪಿನ ನಡುವೆ ಪಾರದರ್ಶಕ ಟ್ಯೂಬ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಹಳೆಯ ತಾಮ್ರದ ವಾಷರ್, ಬಿರುಕು ಬಿಟ್ಟ ರಬ್ಬರ್ ಪೈಪು ಇದಕ್ಕೆ ಸಾಮಾನ್ಯ ಕಾರಣಗಳು.

ಇಷ್ಟೆಲ್ಲ ಆದ ಮೇಲೆಯೇ ಪಂಪು, ನೋಝಲ್, ರಿಂಗ್‌ಗಳ ಸರದಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ ನೋಡಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಎಂಜಿನ್ ಸರಿಯಾದರೂ ಯಾವುದು ಕೆಟ್ಟಿತ್ತು ಎಂದು ತಿಳಿಯದು, ಹಣವೂ ಮೂರಕ್ಕೆ ಹೋಗುತ್ತದೆ.

ಕೂಲರ್ ಓಡುವಾಗಲೇ ಪರೀಕ್ಷಿಸಲು ಹೇಳಿ

ಖಾಲಿ ಓಡುವಾಗ ಚೆನ್ನಾಗಿದ್ದು, ಕೂಲರ್‌ನ ಕಂಪ್ರೆಸರ್ ಹಾಕಿದೊಡನೆ ಸೊರಗುವ ಎಂಜಿನ್‌ಗಳೂ ಇವೆ. ಕಟ್ಟಿದ ಡೀಸೆಲ್ ಫಿಲ್ಟರ್ ಖಾಲಿ ಓಟಕ್ಕೆ ಸಾಕಾಗುವಷ್ಟು ಬಿಡುತ್ತದೆ, ಲೋಡ್ ಬಿದ್ದಾಗ ಸಾಲದು. ಆದ್ದರಿಂದ ಮೆಕ್ಯಾನಿಕ್‌ಗೆ, 'ಕೂಲರ್ ಹಾಕಿ, ಅದು ನಿಲ್ಲುವಷ್ಟು ಹೊತ್ತು ಓಡಿಸಿ ನೋಡಿ' ಎಂದು ವಿನಯದಿಂದ ಆದರೆ ಗಟ್ಟಿಯಾಗಿ ಹೇಳಿ. ಸೊರಗಿದ ಜನರೇಟರ್‌ನಲ್ಲಿ ಕೂಲರ್ ಓಡಿಸುತ್ತಲೇ ಇದ್ದರೆ ವೋಲ್ಟೇಜ್ ಇಳಿದು ಕಂಪ್ರೆಸರ್ ಮೋಟಾರ್ ಸುಟ್ಟುಹೋಗಬಹುದು.

ಫೋನ್ ಮಾಡುವ ಮುನ್ನ ಬರೆದಿಟ್ಟುಕೊಳ್ಳಿ

• ಅವರ್ ಮೀಟರ್ ಎಷ್ಟು ತೋರಿಸುತ್ತಿದೆ? ಕಳೆದ ಸಲ ಫಿಲ್ಟರ್, ಆಯಿಲ್ ಬದಲಿಸಿದ್ದು ಯಾವಾಗ?
• ಎಷ್ಟು ನಿಮಿಷ ಓಡಿ ನಿಂತಿತು? ಆಗ ಕೂಲರ್ ಓಡುತ್ತಿತ್ತೇ?
• ತಟ್ಟನೆ ನಿಂತಿತೇ, ಸೊರಗಿ ನಿಂತಿತೇ? ಹೊಗೆ ಯಾವ ಬಣ್ಣ?
• ಪ್ಯಾನಲ್‌ನಲ್ಲಿ ಯಾವ ದೀಪ ಹತ್ತಿತ್ತು? ಸಾಧ್ಯವಾದರೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.
• ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಆಯಿತು?
• ದೋಷ ಶುರುವಾಗುವ ಮುನ್ನ ಏನು ಬದಲಾಯಿತು? ಹೊಸ ಡೀಸೆಲ್, ರಿಪೇರಿ, ಮಳೆ ನೀರು?

ನಾವು ಮಾಡಬಹುದಾದ್ದು, ಮಾಡಬಾರದ್ದು

ಆಯಿಲ್ ಮತ್ತು ನೀರಿನ ಮಟ್ಟ ನೋಡುವುದು, ಬ್ಯಾಟರಿ ಟರ್ಮಿನಲ್ ಶುಚಿಯಾಗಿದೆಯೇ, ಬಿಗಿಯಾಗಿದೆಯೇ ಎಂದು ಗಮನಿಸುವುದು, ಮುಚ್ಚಳದ ರಂಧ್ರ ತೆರೆದಿಡುವುದು ಸಂಘದಲ್ಲೇ ಆಗುವ ಕೆಲಸ. ಎಲ್ಲವನ್ನೂ ಎಂಜಿನ್ ನಿಂತು ತಣ್ಣಗಾದ ಮೇಲೆ ಮಾಡಿ. ಡೀಸೆಲ್‌ಗೆ ಬೇರೆಯದೇ ಮುಚ್ಚಳವಿರುವ ಕ್ಯಾನ್ ಇರಲಿ, ಹಾಲಿನ ಕ್ಯಾನ್ ಖಂಡಿತ ಬೇಡ. ಹಾಕುವಾಗ ಸೋಸಿ ಹಾಕಿ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಫಿಲ್ಟರ್‌ನ ಕೆಳಗಿನ ತಿರುಪಿನಿಂದ ಅದನ್ನು ಹೊರಬಿಡುವ ಕ್ರಮವನ್ನು ಮೆಕ್ಯಾನಿಕ್ ಬಂದಾಗ ಕೇಳಿ ಕಲಿಯಿರಿ.

ಓಡುವ ಎಂಜಿನ್‌ನ ನೋಝಲ್ ಪೈಪನ್ನು ಮುಟ್ಟಬೇಡಿ, ಸಡಿಲಿಸಬೇಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು. ಹಾಗಾದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿಸಿ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸಬೇಡಿ. ಹೊಗೆಯಲ್ಲಿನ ವಿಷಾನಿಲ ಪ್ರಾಣ ತೆಗೆಯುತ್ತದೆ.

ಜನರೇಟರ್ ಎರಡನೇ ಸಲ ನಿಂತ ಕೂಡಲೇ ಕಾರ್ಯದರ್ಶಿಯವರು ವಿಸ್ತರಣಾಧಿಕಾರಿಗಳಿಗೆ ತಿಳಿಸಲಿ. ಹಾಲು ಇನ್ನೂ ಚೆನ್ನಾಗಿರುವಾಗಲೇ ಸಾಗಿಸುವ ಏರ್ಪಾಡು ಮಾಡಬಹುದು. ರಿಪೇರಿಯಾದ ಮೇಲೆ ದಿನಾಂಕ, ಕಂಡ ದೋಷ, ಬದಲಿಸಿದ ಭಾಗ ಇವನ್ನು ಪುಸ್ತಕದಲ್ಲಿ ಬರೆದು, ಕಳಚಿದ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ. ಮುಂದಿನ ಸಲ ಬರುವ ಮೆಕ್ಯಾನಿಕ್ ಬೇರೆಯವರಾಗಿದ್ದರೂ ಆ ಪುಸ್ತಕ ನೋಡಿ ನೇರವಾಗಿ ಕೆಲಸಕ್ಕೆ ಇಳಿಯಬಹುದು.