ರೊಂಗೆಲಾಪ್: ಬೂದಿ ಬಿದ್ದ ಹವಳದ ನಾಡು

ಪೆಸಿಫಿಕ್ ಮಹಾಸಾಗರದ ಮಾರ್ಷಲ್ ದ್ವೀಪಸಮೂಹದಲ್ಲಿ, ಅಲೆಗಳಿಂದ ಕೆಲವೇ ಅಡಿ ಮೇಲೆದ್ದಿರುವ ಸುಮಾರು 60 ಹವಳದ ನಡುಗಡ್ಡೆಗಳು ವಿಶಾಲವಾದ ಉಪ್ಪುನೀರಿನ ಕೊಳವೊಂದನ್ನು ಬಳಸಿಕೊಂಡಿರುವ ಎಡೆಯೇ ರೊಂಗೆಲಾಪ್. ತೆಂಗು, ನಮ್ಮ ಕರಾವಳಿಯವರು ಜೀಗುಜ್ಜೆಯೆನ್ನುವ ದೀವಿಹಲಸು, ಕೇದಗೆಯ ಜಾತಿಯ ಹಣ್ಣು, ಮೀನು, ಏಡಿ ಇವುಗಳಿಂದಲೇ ಅಲ್ಲಿಯ ಜನ ತಲೆಮಾರುಗಳಿಂದ ಜೀವಿಸಿದ್ದರು.

1954ರ ಮಾರ್ಚ್ 1ರ ಪ್ರಾತಃಕಾಲದಲ್ಲಿ, ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ದೂರದ ಬಿಕಿನಿಯಲ್ಲಿ ಅಮೆರಿಕವು ‘ಬ್ರಾವೊ’ ಎಂಬ ಜಲಜನಕ ಬಾಂಬನ್ನು ಸಿಡಿಸಿತು. ಸುಮಾರು 6 ಮೆಗಾಟನ್ನೆಂದು ಎಣಿಸಿದ್ದ ಅದರ ಶಕ್ತಿ 15 ಮೆಗಾಟನ್ನಿಗೇರಿತು. ಕೆಲವು ಗಂಟೆಗಳಲ್ಲಿಯೇ, ಸುಟ್ಟು ನುಣ್ಣಗಾದ ಹವಳವು ಬಿಳಿಯ ಹಿಟ್ಟಿನಂತೆ ಮನೆಗಳ ಮೇಲೆ, ಕುಡಿಯುವ ನೀರಿನ ತೊಟ್ಟಿಗಳಲ್ಲಿ, ಆಡುತ್ತಿದ್ದ ಮಕ್ಕಳ ತಲೆಗೂದಲಲ್ಲಿ ಸುರಿಯಿತು. ವಾಂತಿ, ಕಣ್ಣುರಿ, ಮೈತುರಿಕೆ ಆರಂಭವಾದವು. ಮುಂದೆ ಚರ್ಮ ಸುಟ್ಟು ಹುಣ್ಣಾಯಿತು, ಕೂದಲು ಉದುರಿತು. ಹಡಗು ಬಂದು ಅವರನ್ನು ಕರೆದೊಯ್ದುದು ಎರಡು ದಿನಗಳು ಕಳೆದ ಮೇಲೆ.

ಇದಕ್ಕಿಂತ ದೊಡ್ಡ ಅನ್ಯಾಯವು 1957ರಲ್ಲಿ ನಡೆಯಿತೆಂದೇ ನನ್ನ ಭಾವನೆ. ನೆಲ ವಾಸಯೋಗ್ಯವೆಂದು ಹೇಳಿ ಅವರನ್ನು ಅಲ್ಲಿಗೇ ಮರಳಿ ಕಳುಹಿಸಲಾಯಿತು. ವೈದ್ಯರು ವರ್ಷವರ್ಷವೂ ಬಂದು ರಕ್ತ ಪರೀಕ್ಷಿಸಿದರು, ಅಂಕಿಗಳನ್ನು ಬರೆದುಕೊಂಡರು. ಆದರೆ ಉಣ್ಣುವ ಅನ್ನದಲ್ಲಿಯೇ ಇದ್ದ ವಿಷಕ್ಕೆ ಆ ಅಳತೆ ಪರಿಹಾರವಾಗಲಿಲ್ಲ. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಮ್ ಅತ್ಯಲ್ಪವಾದುದರಿಂದ, ಅದನ್ನೇ ಹೋಲುವ ವಿಕಿರಣಶೀಲ ಸೀಸಿಯಮ್-137ನ್ನು ತೆಂಗು, ದೀವಿಹಲಸುಗಳು ಬೇರಿನಿಂದ ಹೀರಿ ಕಾಯಿಗಳಲ್ಲಿ ತುಂಬಿಕೊಳ್ಳುತ್ತವೆ. ಅದರ ಅರ್ಧಾಯುಷ್ಯ ಸುಮಾರು 30 ವರ್ಷ.

ಮೊದಲ ದಿನಗಳಲ್ಲಿ ದೇಹವನ್ನು ಹೊಕ್ಕ ವಿಕಿರಣಶೀಲ ಅಯೋಡಿನ್ನಿನ ಫಲವಾದರೋ ನಿಧಾನವಾಗಿ ಕಾಣಿಸಿತು. ಆ ಧಾತು ಥೈರಾಯ್ಡ್ ಗ್ರಂಥಿಯಲ್ಲಿ ಸಂಚಯವಾಗುವುದು. ಶಿಶುವಿನ ಗ್ರಂಥಿ ಚಿಕ್ಕದಾದುದರಿಂದ ಅಷ್ಟೇ ಅಯೋಡಿನ್ ಅದನ್ನು ಹೆಚ್ಚು ಘಾತಿಸುವುದು. 1963ರಿಂದ ಕೊರಳಲ್ಲಿ ಗಂಟುಗಳು ಕಂಡುಬಂದವು. ಅಂದು ಎಳೆಯರಾಗಿದ್ದವರಲ್ಲಿ ಬಹುಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಕೆಲವು ಮಕ್ಕಳ ಬೆಳವಣಿಗೆಯೇ ಕುಂಠಿತವಾಯಿತು. ಬೂದಿ ಬಿದ್ದಾಗ ಕೈಗೂಸಾಗಿದ್ದ ತರುಣನೊಬ್ಬನು 1972ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡನು. ಗರ್ಭಪಾತಗಳನ್ನೂ ರೂಪಗೆಟ್ಟ ಶಿಶುಗಳನ್ನೂ ಕುರಿತು ಅಲ್ಲಿಯ ತಾಯಂದಿರು ಪದೇ ಪದೇ ಹೇಳಿಕೊಂಡುದನ್ನು ಬಹುಕಾಲ ಯಾರೂ ಲಕ್ಷಿಸಲಿಲ್ಲ.

ಕಡೆಗೆ 1985ರಲ್ಲಿ, ಗ್ರೀನ್‌ಪೀಸ್ ಸಂಸ್ಥೆಯ ‘ರೇನ್‌ಬೋ ವಾರಿಯರ್’ ಹಡಗು ಮುನ್ನೂರಕ್ಕೂ ಮಿಕ್ಕ ಜನರನ್ನು, ಅವರು ಬಿಚ್ಚಿಕೊಂಡ ಮನೆಯ ಹಲಗೆ ತಗಡುಗಳೊಡನೆ, ಮೆಜಾಟೊ ನಡುಗಡ್ಡೆಗೆ ಒಯ್ದಿತು. ಆ ಬಳಿಕ ರೊಂಗೆಲಾಪಿನ ಮುಖ್ಯ ನಡುಗಡ್ಡೆಯ ಊರಿನಲ್ಲಿ ಮೇಲ್ಮಣ್ಣನ್ನು ಕೆರೆದು ತೆಗೆದು, ತೋಟಗಳಿಗೆ ಪೊಟ್ಯಾಸಿಯಮ್ ಗೊಬ್ಬರ ಹಾಕಿ, ಹೊಸ ಮನೆಗಳನ್ನು ಕಟ್ಟಿರುವರು. ಉತ್ತರದ ನಡುಗಡ್ಡೆಗಳಿಗೆ, ಅಂದರೆ ಬೂದಿ ಅತ್ಯಧಿಕವಾಗಿ ಬಿದ್ದ ಕಡೆಗೆ, ಆ ಶುದ್ಧೀಕರಣ ಮುಟ್ಟಿಲ್ಲ. ಅಜ್ಜಂದಿರು ತೆಂಗು, ಏಡಿಗಳಿಗಾಗಿ ದೋಣಿಯೇರಿ ಹೋಗುತ್ತಿದ್ದುದು ಅಲ್ಲಿಗೂ ಅಹುದು.