ಮೂಟೆಯಲ್ಲಿ ಕಾಣದ ತೂಕ

ಮಾಘದ ಬಿಸಿಲಿಗೆ ಕಣದಲ್ಲಿ ಹರಡಿದ ಕಾಫಿಹಣ್ಣು ಕಪ್ಪಾಗಿ ಒಣಗಿ, ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಸದ್ದು ಮಾಡತೊಡಗಿತೆಂದರೆ, ಕೊಡಗಿನ ಬೆಳೆಗಾರನ ವರ್ಷದ ದುಡಿಮೆ ಮುಗಿಯಿತೆಂದು ಅರ್ಥ, ಚಿಂತೆ ಮುಗಿಯಿತೆಂದಲ್ಲ. ಗೋಣಿಕೊಪ್ಪಲಿನಲ್ಲೋ ಸಿದ್ದಾಪುರದಲ್ಲೋ ಸುಂಟಿಕೊಪ್ಪದಲ್ಲೋ ವ್ಯಾಪಾರಿಯ ಅಂಗಡಿಯ ಮುಂದೆ ಮೂಟೆ ಇಳಿಯುವ ಹೊತ್ತಿಗೆ ಇಬ್ಬರ ಮನಸ್ಸಿನಲ್ಲಿಯೂ ಒಂದೊಂದು ಶಂಕೆ ಮೂಡುತ್ತದೆ. 'ಇವರು ನ್ಯಾಯವಾದ ಬೆಲೆ ಕೊಡುವರೆ?' ಎಂದು ಮಾರುವವನು; 'ಇದರೊಳಗೆ ನಿಜವಾಗಿ ಇರುವುದೆಷ್ಟು?' ಎಂದು ಕೊಳ್ಳುವವನು.

ಈ ಎರಡು ಶಂಕೆಗಳನ್ನು ಪರಿಹರಿಸಿಕೊಳ್ಳುವುದಕ್ಕೆ ತಗಲುವ ಖರ್ಚನ್ನು ಯಾವ ರಸೀತಿಯಲ್ಲಿಯೂ ಬರೆಯುವುದಿಲ್ಲ. ಅರ್ಥಶಾಸ್ತ್ರಜ್ಞರು ಅದನ್ನು 'ವಹಿವಾಟಿನ ವೆಚ್ಚ' ಎನ್ನುತ್ತಾರೆ. ಪೇಟೆಯನ್ನು ಬಳಸಿಕೊಳ್ಳುವುದೂ ಪುಕ್ಕಟೆಯಲ್ಲ, ಬೆಲೆಯನ್ನು ವಿಚಾರಿಸುವುದಕ್ಕೂ ಒಪ್ಪಂದ ಕುದುರಿಸುವುದಕ್ಕೂ ಹಣ ಬೇಕು ಎಂಬ ಮಾತನ್ನು ಬ್ರಿಟನ್ನಿನ ರೊನಾಲ್ಡ್ ಕೋಸ್ 1937ರಲ್ಲಿಯೇ ಎತ್ತಿದ್ದರು. ಆ ವಿಚಾರಸರಣಿಗಾಗಿ ಅವರಿಗೆ 1991ರಲ್ಲಿ ನೊಬೆಲ್ ಬಹುಮಾನ ಬಂದಿತು. ಕೊಡಗಿನ ಬೆಳೆಗಾರನಿಗಾದರೋ ಈ ಸಂಗತಿ ಪುಸ್ತಕದಿಂದ ತಿಳಿಯಬೇಕಾದುದಲ್ಲ.

ಒಣಗಿದ ರೊಬಸ್ಟಾ ಹಣ್ಣನ್ನು ಇಲ್ಲಿ 'ಚೆರಿ' ಎಂದು ಕರೆಯುವುದು ವಾಡಿಕೆ. 50 ಕಿಲೋ ಚೆರಿಯ ಸಿಪ್ಪೆ ಬಿಡಿಸಿದರೆ ಸುಮಾರು 26ರಿಂದ 28 ಕಿಲೋ ಬೀಜ ಸಿಕ್ಕೀತು. ಇದಕ್ಕೆ 'ಔಟ್‌ಟರ್ನ್' ಎಂದು ಹೆಸರು. ವ್ಯಾಪಾರಿ ಒಂದಿಷ್ಟು ಮಾದರಿಯನ್ನು ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವವನ್ನು ಪರೀಕ್ಷಿಸಿ ಒಂದು ಅಂಕಿಯನ್ನು ಹೇಳುತ್ತಾನೆ. ಅಂಕಿಯೊಂದಕ್ಕೆ 200 ರೂಪಾಯಿ ದರವಿದೆಯೆಂದು ಭಾವಿಸೋಣ. 27 ಎಂದರೆ ಮೂಟೆಗೆ 5,400 ರೂಪಾಯಿ. 26 ಎಂದರೆ 5,200. 60 ಮೂಟೆ ತಂದವನಿಗೆ ಆ ಒಂದೇ ಅಂಕಿಯಿಂದ 12,000 ರೂಪಾಯಿಯ ವ್ಯತ್ಯಾಸ! ಒಪ್ಪದಿದ್ದರೆ ಮೂಟೆಗಳನ್ನು ಮತ್ತೆ ಜೀಪಿಗೆ ಹೇರಿ ಇನ್ನೊಂದು ಅಂಗಡಿಗೆ ಹೋಗಬೇಕು. ಹೋಗಲು ಪೆಟ್ರೋಲು, ಆಳಿನ ಕೂಲಿ, ಒಂದು ದಿನ. ಬಹುಮಂದಿ ಸಣ್ಣ ಬೆಳೆಗಾರರು ಒಪ್ಪಿಬಿಡುವುದೇ ಹೆಚ್ಚು.

ಹಾಗೆಂದು ವ್ಯಾಪಾರಿಯನ್ನು ಕಥೆಯ ಖಳನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದು ಸುಲಭವಾದರೂ ನ್ಯಾಯವಲ್ಲ. ಮೇಲೆ ಒಣಗಿ ಒಳಗೆ ಹಸಿಯಾಗಿರುವ ಒಂದು ಮೂಟೆ ಅವನ ಗೋದಾಮಿನಲ್ಲಿ ಬೂಷ್ಟು ಹಿಡಿದರೆ ನಷ್ಟ ಅವನದು. ಮಳೆಗಾಲದಲ್ಲಿ ಬೆಳೆಗಾರನಿಗೆ ಕೊಟ್ಟ ಮುಂಗಡಕ್ಕೆ ಆಧಾರ ಬರಿಯ ಮಾತು. ಕೊಡಗಿನಲ್ಲಿ ರೈಲುದಾರಿಯಿಲ್ಲ, ಸರಕೆಲ್ಲ ಲಾರಿಯಲ್ಲಿಯೇ ಸಂಸ್ಕರಣ ಕಾರ್ಖಾನೆಗೆ ಹೋಗಬೇಕು. ಅಲ್ಲಿ ಮತ್ತೊಮ್ಮೆ ಪರೀಕ್ಷೆ, ಮತ್ತೊಮ್ಮೆ ತೂಕ. ಅಷ್ಟರಲ್ಲಿ ಲಂಡನ್ನಿನ ಪೇಟೆಯಲ್ಲಿ ರೊಬಸ್ಟಾ ಬೆಲೆ ಕುಸಿದರೆ ನಿನ್ನೆಯ ಲಾಭ ಇಂದಿನ ಸಾಲ. ಈ ಅಪಾಯಗಳನ್ನೆಲ್ಲ ಎಣಿಸಿಯೇ ಅವನು ಬೆಲೆ ಹೇಳುತ್ತಾನೆ.

ವ್ಯಾಪಾರಿಯೇ ಇಲ್ಲದಿದ್ದರೆ? ಆ ಪ್ರಯೋಗವೂ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು ಸರ್ಕಾರ ಮುಂದಾಯಿತು. 1942ರ ಕಾಯಿದೆಯ ಮೂಲಕ ಕಾಫಿ ಮಂಡಳಿ ನೆಲೆಗೊಂಡಿತು. ಬೀಜಕ್ಕೂ ಮನೆಬಳಕೆಗೂ ಬಿಟ್ಟು ಉಳಿದುದನ್ನೆಲ್ಲ ಮಂಡಳಿಯ 'ಪೂಲ್'ಗೆ ಒಪ್ಪಿಸುವುದು ಕಡ್ಡಾಯವಾಯಿತು. ಬೆಳೆಗಾರ ಕೊಳ್ಳುವವನನ್ನು ಹುಡುಕಬೇಕಾಗಿರಲಿಲ್ಲ, ಚೌಕಾಸಿ ಮಾಡಬೇಕಾಗಿರಲಿಲ್ಲ. ಆದರೆ ಹಣ ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತಿಗಾಗಿ ಬಹುಕಾಲ ಕಾಯಬೇಕಿತ್ತು. ಅವನ ಕಾಫಿ ಎಲ್ಲರ ಕಾಫಿಯೊಡನೆ ಬೆರೆತು ಹೆಸರು ಕಳೆದುಕೊಳ್ಳುತ್ತಿತ್ತು. ವೆಚ್ಚ ಹೋಗಲಿಲ್ಲ, ವೇಷ ಬದಲಿಸಿತು, ಅಷ್ಟೆ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ಸ್ವತಂತ್ರರಾದರು. ಸ್ವಾತಂತ್ರ್ಯದ ಬೆನ್ನಿಗೆ ಹಳೆಯ ಶಂಕೆಗಳೂ ಅಂಗಡಿಯ ಮುಂದೆ ಬಂದು ನಿಂತವು.

ಇದು ಕೊಡಗೊಂದರ ಪಾಡಲ್ಲ. ಕಾಫಿಯ ತವರಾದ ಇಥಿಯೋಪಿಯದಲ್ಲಿ ಎಲೆನಿ ಗೇಬ್ರೆ-ಮಧಿನ್ ಎಂಬ ಅರ್ಥಶಾಸ್ತ್ರಜ್ಞೆ ಧಾನ್ಯದ ವರ್ತಕರನ್ನು ಕುರಿತು ಸಂಶೋಧನೆ ನಡೆಸಿದರು. ಗುಣಮಟ್ಟಕ್ಕೆ ನಂಬಬಹುದಾದ ಅಳತೆಯಿಲ್ಲದ್ದರಿಂದ ವರ್ತಕರು ಪರಿಚಿತರೊಡನೆಯೇ ವ್ಯವಹರಿಸುತ್ತಿದ್ದರು. ದೂರದ ವ್ಯಾಪಾರಕ್ಕೆ ದಲ್ಲಾಳಿಯ ಕಣ್ಣೇ ಸಾಕ್ಷಿ. ಅವರ ಮುಂದಾಳುತನದಲ್ಲಿ 2008ರಲ್ಲಿ ಅಡಿಸ್ ಅಬಾಬದಲ್ಲಿ ಸರಕು ವಿನಿಮಯ ಕೇಂದ್ರ ತೆರೆಯಿತು. ಗೋದಾಮಿನಲ್ಲಿ ತೂಕ, ದರ್ಜೆ ಎರಡನ್ನೂ ಪ್ರಮಾಣೀಕರಿಸಿ, ಸರಕನ್ನು ಕಣ್ಣಾರೆ ನೋಡದೆಯೇ ಕೊಳ್ಳುವ ಏರ್ಪಾಡು ಅದು. ಕಾಫಿಯೂ ಅಲ್ಲಿಗೆ ಬಂದಿತು. ಆದರೆ ಯಾವ ತೋಟದ ಕಾಫಿ ಎಂಬ ಗುರುತು ದರ್ಜೆಯೊಳಗೆ ಕರಗಿಹೋಗುವುದೆಂಬ ದೂರು ಅಲ್ಲಿಯೂ ಎದ್ದಿತು. ನಮ್ಮ ಪೂಲಿನ ಪಾಠವೇ ಬೇರೊಂದು ನೆಲದಲ್ಲಿ!

ಹಾಗಾದರೆ ಉಳಿಯುವ ಪ್ರಶ್ನೆ ಒಂದೇ: ಈ ವೆಚ್ಚವನ್ನು ಹೊರುವವರು ಯಾರು? ಅನುಭವ ಹೇಳುವ ಉತ್ತರವೂ ಒಂದೇ: ಯಾರಿಗೆ ಕಡಿಮೆ ತಿಳಿದಿದೆಯೋ, ಯಾರಿಗೆ ಕಾಯಲು ಶಕ್ತಿಯಿಲ್ಲವೋ ಅವರು. ಮಗಳ ಕಾಲೇಜಿನ ಶುಲ್ಕಕ್ಕೆ ನಾಳೆಯೇ ಹಣ ಬೇಕಾದವನು ಇಂದಿನ ಅಂಕಿಯನ್ನು ಪ್ರಶ್ನಿಸಲಾರ.

ಆದುದರಿಂದ ಪರಿಹಾರವೂ ಅಲ್ಲಿಂದಲೇ ಆರಂಭವಾಗಬೇಕು. ಪೇಟೆಗೆ ಹೊರಡುವ ಮುನ್ನ ತನ್ನ ಚೆರಿಯನ್ನು ತಾನೇ ಬಿಡಿಸಿ ತೂಗಿ ನೋಡಿದ ಬೆಳೆಗಾರನ ಮುಂದೆ ಅಂಗಡಿಯ ಅಂಕಿ ತೀರ್ಪಾಗಿ ಉಳಿಯುವುದಿಲ್ಲ, ಮಾತುಕತೆಯಾಗುತ್ತದೆ. ಹತ್ತು ಮನೆಯವರು ಸೇರಿ ಒಂದು ತೇವಮಾಪಕವನ್ನು ಕೊಂಡು, ಒಂದೇ ಲಾರಿಯಲ್ಲಿ ಸರಕು ಕಳುಹಿಸಿದರೆ ಓಡಾಟದ ಖರ್ಚು ಹಂಚಿಹೋಗುತ್ತದೆ. ಬೆಳೆಯ ಮೇಲೆ ಸುಲಭಬಡ್ಡಿಯ ಸಾಲ ದೊರೆತರೆ ಕಾಯುವ ಬಲ ಬರುತ್ತದೆ. ಅಳತೆ ನಂಬುವಂತಿದ್ದರೆ ಪ್ರಾಮಾಣಿಕ ವ್ಯಾಪಾರಿಗೂ ಲಾಭವೇ. ಶಂಕೆಗಾಗಿ ಕಡಿತ ಮಾಡುವ ಅಗತ್ಯ ಅವನಿಗೂ ಇರದು.

ನಾಳೆ ಬೆಳಗ್ಗೆ ಕಾಫಿಪುಡಿಯ ಬೆಲೆ ಏರಿತೆಂದು ಗೊಣಗುವಾಗ ವಾಚಕರು ಒಂದು ಕ್ಷಣ ನೆನೆಯಲಿ: ಆ ಬೆಲೆಯೊಳಗೆ ಹಣ್ಣು ಕೊಯ್ದವರ ಬೆವರಿನೊಡನೆ, ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ನಂಬಲಾರದೆ ತೆತ್ತ ದಂಡವೂ ಸೇರಿದೆ.