ಹೆಸರಲ್ಲಿ ಹಕ್ಕಿ, ಊಟಕ್ಕೆ ಮಿಡತೆ

ಒಂದು ಟರಾಂಟುಲಾ ಜೇಡದ ವೈಜ್ಞಾನಿಕ ಹೆಸರು 'ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ'. ಲ್ಯಾಟಿನ್‌ನಲ್ಲಿ 'ಅವಿಕ್ಯುಲಾ' ಎಂದರೆ ಪುಟ್ಟ ಹಕ್ಕಿ. ಹೀಗಾಗಿ ಈ ಟರಾಂಟುಲಾಗೆ ಹಕ್ಕಿಗಳೇ ಆಹಾರ ಎಂದು ಬಹಳ ಜನ ನಂಬಿದ್ದಾರೆ. ಹೆಸರಿನ ಮೂಲ ಇರುವುದು ಒಂದು ಚಿತ್ರದಲ್ಲಿ. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ ಬಂದು 1705ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸೀಬೆ ಕೊಂಬೆಯ ಮೇಲೆ ದೊಡ್ಡ ಜೇಡವೊಂದು ಝೇಂಕಾರದ ಹಕ್ಕಿಯನ್ನು ಹಿಡಿದಿದೆ. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಈ ಜೇಡಕ್ಕೆ 'ಅವಿಕ್ಯುಲೇರಿಯಾ' ಎಂದು ಹೆಸರಿಟ್ಟದ್ದರ ಹಿಂದೆ ಇದ್ದದ್ದು ಆ ಚಿತ್ರ. ಮೆರಿಯನ್ ಸುಳ್ಳು ಬರೆದಿದ್ದಾಳೆ ಎಂದು ಮುಂದೆ ಹಲವರು ಹಂಗಿಸಿದರು, ಅದೂ ಅನ್ಯಾಯವೇ. ಅಮೆಜಾನ್ ಸುತ್ತಿದ ಹೆನ್ರಿ ಬೇಟ್ಸ್ ಜೇಡದ ಹಿಡಿತದಲ್ಲಿ ಹಕ್ಕಿಗಳನ್ನು ಕಣ್ಣಾರೆ ಕಂಡ. ಆದರೆ ಅದು ಅಪರೂಪ. ಈ ಜೇಡದ ದಿನನಿತ್ಯದ ಊಟ ಮಿಡತೆ, ಜಿರಳೆಯಂಥ ಹುಳಗಳು.

'ಟರಾಂಟುಲಾ' ಎಂಬ ಹೆಸರೂ ಎರವಲು. ಮೊದಲು ಆ ಹೆಸರು ಪಡೆದ, ಇಟಲಿಯ ಟರಾಂಟೊ ಊರಿನ ಜೇಡ ಬೇರೆಯೇ ಕುಟುಂಬದ್ದು, ತೋಳಜೇಡ. ಅದು ಕಚ್ಚಿದರೆ ಕುಣಿದೇ ವಿಷ ಇಳಿಸಬೇಕೆಂದು ಅಲ್ಲಿನ ಜನ ನಂಬಿದ್ದರು. ಅಮೆರಿಕಕ್ಕೆ ಹೋದ ಯುರೋಪಿನವರು ಅಲ್ಲಿ ಕಂಡ ಕೂದಲುಮೈಯ ದೊಡ್ಡ ಜೇಡಗಳಿಗೂ ಅದೇ ಹೆಸರು ಹಚ್ಚಿದರು.

ನಮ್ಮ ನೆರೆಯ ಆಂಧ್ರದ 'ಪೊಸಿಲೊಥೀರಿಯಾ ಮೆಟಾಲಿಕಾ' ಎಂಬ ಟರಾಂಟುಲಾ ಲೋಹದಂತೆ ಹೊಳೆಯುವ ನೀಲಿಯದು. ಆದರೆ ಅದರಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ರೋಮಗಳ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ಆ ಬಣ್ಣ ಮೂಡಿಸುತ್ತದೆ. 1899ರಲ್ಲಿ ಪ್ರಾಣಿಶಾಸ್ತ್ರಜ್ಞ ಪೊಕಾಕ್ ವಿವರಿಸಿದ ಮಾದರಿ ಸಿಕ್ಕಿದ್ದು ಗುತ್ತಿಯ ರೈಲ್ವೆ ಮರದ ದಿಮ್ಮಿಗಳ ಅಂಗಳದಲ್ಲಿ. ಹಾಗಾಗಿ 'ಗುತ್ತಿ ಜೇಡ' ಎಂಬ ಹೆಸರು ನಿಂತಿತು. ಅದರ ನಿಜವಾದ ಮನೆ ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ ನಂದ್ಯಾಲ–ಗಿದ್ದಲೂರು ಕಾಡು.

ನನಗೆ ಹೆಚ್ಚು ನೋವಾಗುವುದು ನಮ್ಮ ಪಶ್ಚಿಮ ಘಟ್ಟದ 'ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್' ಎಂಬ ಟರಾಂಟುಲಾದ ವಿಷಯದಲ್ಲಿ. ಎರಡನೆಯ ಪದಕ್ಕೆ ಉಗ್ರ, ಕ್ರೂರ ಎಂಬ ಅರ್ಥ. ಹೆಸರಿಟ್ಟವನು ಅದೇ ಪೊಕಾಕ್, ಅದೇ ವರ್ಷ. ಉತ್ತರ ಕನ್ನಡದ ಕಡೆ ರಸ್ತೆ ಬದಿಯ ಧರೆಯನ್ನು ಹತ್ತಿರ ಹೋಗಿ ನೋಡಿ: ಮಣ್ಣಿನಲ್ಲಿ ಒಂದು ರಂಧ್ರ, ಒಳಗೆಲ್ಲ ರೇಷ್ಮೆಯ ಅಸ್ತರು. ಈ 'ಕ್ರೂರಿ' ಹಗಲೆಲ್ಲ ಅದರೊಳಗೇ ಅಡಗಿದ್ದು, ಬೇಟೆ ಹತ್ತಿರ ಬಂದರಷ್ಟೇ ಬಿಲದ ಬಾಯಿಗೆ ಬರುತ್ತದೆ. ಕೆಣಕಿದರೆ ಮುಂಗಾಲೆತ್ತಿ ಹಲ್ಲು ತೋರಿಸುವುದು ನಿಜ. ಕಚ್ಚಿದರೆ ನೋವೂ ಆಗುತ್ತದೆ, ಕೈ ಹಾಕಬೇಡಿ. ಆದರೆ ಅದು ಅಂಜಿದ ಪ್ರಾಣಿಯ ಕೊನೆಯ ಉಪಾಯ. ಮಳೆಗಾಲಕ್ಕೆ ಮುಂಚೆ ಧರೆ ಕೆತ್ತುವವರು ಆ ರೇಷ್ಮೆಯ ರಂಧ್ರ ಕಂಡರೆ ಒಂದು ಮೊಳ ಬಿಟ್ಟು ಕೆತ್ತಲಿ.